ಏಳನೆಯ ಹಂತದ ಅರ್ಧ ಗಂಟೆ

ಬ್ಯಾಟರಿಗಳು ಸಾಯುವುದನ್ನು ನೋಡುತ್ತಾ ಕೂರುವುದು ನನ್ನ ಉದ್ಯೋಗ. ಇಪ್ಪತ್ತೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ನಾಣ್ಯದಷ್ಟು ದೊಡ್ಡ ಸೆಲ್ಲುಗಳನ್ನು ತಂದು ಕೊಡುತ್ತಾರೆ. ಅವನ್ನು ಅರವತ್ತನಾಲ್ಕು ಕ್ಲಿಪ್ಪುಗಳಿಗೆ ಸಿಕ್ಕಿಸುತ್ತೇನೆ. ಯಂತ್ರ ಅವಕ್ಕೆ ಚಾರ್ಜು ತುಂಬುತ್ತದೆ, ಖಾಲಿ ಮಾಡುತ್ತದೆ, ಮತ್ತೆ ತುಂಬುತ್ತದೆ. ಒಮ್ಮೆ ತುಂಬಿ ಖಾಲಿಯಾದರೆ ಒಂದು ಸುತ್ತು, ಅದಕ್ಕೆ ನಾಲ್ಕು ಗಂಟೆ. ಹೊಸದರಲ್ಲಿ ನೂರು ಹಿಡಿಯುತ್ತಿದ್ದದ್ದು ಎಂಬತ್ತಕ್ಕಿಂತ ಕೆಳಗಿಳಿಯಿತೋ, ಸತ್ತಿತು ಎಂದು ಬರೆದು ಕಿತ್ತು ಡಬ್ಬಕ್ಕೆ ಹಾಕುತ್ತೇನೆ. ಸಂಶೋಧನೆಗೆ ಬರುವವರು ನನ್ನ ಕೋಣೆಗೆ ‘ಸಾವಿನ ಮನೆ’ ಎಂದು ಹೆಸರಿಟ್ಟಿದ್ದಾರೆ. ನನ್ನ ಮುಖವೂ ಅದಕ್ಕೆ ಒಪ್ಪುವ ಹಾಗೇ ಇದೆಯಂತೆ, ಮನೆಯವರ ಅಭಿಪ್ರಾಯ.

ಆ ಸೆಲ್ಲುಗಳ ಒಳಗಿನ ಕಪ್ಪು ಲೇಪವನ್ನು ಮಾಡುತ್ತಿದ್ದವನು ಲೇಪದಣ್ಣ. ಅವನಿಗೊಂದು ಸರಿಯಾದ ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಅದನ್ನು ಯಾರೂ ಬಳಸಿದ್ದು ನಾನು ಕೇಳಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವನು, ನನ್ನನ್ನು ‘ತಂಗಿ’ ಅನ್ನುತ್ತಿದ್ದ. ಎದುರಿಗೆ ‘ನೀವು’ ಅನ್ನುತ್ತಿದ್ದೆ, ಬರೆಯಲು ಕೂತರೆ ಮಾತ್ರ ಒಡಹುಟ್ಟಿದವನಿಗೆ ಬರುವ ಹಾಗೆ ಏಕವಚನವೇ ಬರುತ್ತದೆ. ಬರಲಿ ಬಿಡಿ.

ಅವನ ಕೋಣೆ ನಮ್ಮ ಮಹಡಿಯ ಓಣಿಯ ತುದಿಯಲ್ಲಿತ್ತು. ಒಂದು ತಕ್ಕಡಿ, ಒಂದು ಕಲಸುವ ಯಂತ್ರ, ಒಂದು ಲೇಪದ ಮೇಜು, ಒಂದು ಓವನ್. ಮೇಜಿನ ಮೇಲೆ ತಾಮ್ರದ ಹಾಳೆ ಹಾಸುತ್ತಿದ್ದ. ಕೆಳಗಿನಿಂದ ಪಂಪು ಗಾಳಿ ಎಳೆದು ಹಾಳೆಯನ್ನು ಸುಕ್ಕಿಲ್ಲದಂತೆ ಹಿಡಿದುಕೊಳ್ಳುತ್ತಿತ್ತು. ಅದರ ಮೇಲೆ ಕಪ್ಪು ಮಡ್ಡಿ ಸುರಿದು, ಅಲಗಿನಿಂದ ತಲೆಗೂದಲಿನಷ್ಟು ದಪ್ಪಕ್ಕೆ ಎಳೆಯುತ್ತಿದ್ದ. ಎಳೆಯುವಾಗ ಉಸಿರು ಕಟ್ಟುತ್ತಿದ್ದ. ಕಪ್ಪು ಅವನ ಉಗುರಿನ ಸಂದಿಯಲ್ಲಿ, ಕಿವಿಯ ಸುರುಳಿಯಲ್ಲಿ, ಅಂಗಿಯ ಕಾಲರಿನಲ್ಲಿ ಸದಾ ಇರುತ್ತಿತ್ತು. ಮಗಳ ಮದುವೆಯ ಫೋಟೋದಲ್ಲೂ ಇದೆ, ನಾನೇ ನೋಡಿದ್ದೇನೆ.

ಈ ಲೇಪಕ್ಕೆ ಆನೋಡ್ ಅನ್ನುತ್ತಾರೆ. ಚಾರ್ಜು ಮಾಡಿದಾಗ ಲಿಥಿಯಂ ಬಂದು ತಂಗುವ ಮನೆ ಅದು. ಈಗಿನ ಬ್ಯಾಟರಿಗಳಲ್ಲಿ ಆ ಮನೆ ಗ್ರಾಫೈಟಿನದು. ಅದಕ್ಕೆ ಸಿಲಿಕಾನ್ ಪುಡಿ ಬೆರೆಸಿದರೆ ಹೆಚ್ಚು ಲಿಥಿಯಂ ಹಿಡಿಸುತ್ತದೆ. ಆದರೆ ಸಿಲಿಕಾನಿಗೆ ಒಂದು ಕೆಟ್ಟ ಚಾಳಿ. ಲಿಥಿಯಂ ನುಂಗಿದರೆ ಮೂರು ಪಟ್ಟು ಊದಿಕೊಳ್ಳುತ್ತದೆ, ಉಗುಳಿದರೆ ಕುಗ್ಗುತ್ತದೆ. ದಿನಕ್ಕೆ ಆರು ಸಲ ಊದಿ ಕುಗ್ಗಿದರೆ ಯಾವುದು ತಾನೇ ಬಾಳೀತು? ಬಿರುಕು ಬಿಟ್ಟು, ತಾಮ್ರದ ಹಾಳೆಯಿಂದ ಕಳಚಿಕೊಂಡು ಬೀಳುತ್ತದೆ. ಅದು ಕಳಚದ ಹಾಗೆ ಹಿಡಿದುಕೊಳ್ಳುವ ಅಂಟನ್ನು ಹುಡುಕುವುದೇ ನಮ್ಮ ಯೋಜನೆ. ಐನೂರು ಸುತ್ತು ಬಾಳಿದರೆ ಗೆದ್ದ ಹಾಗೆ.

ಆ ಕೆಲಸಕ್ಕೆಂದು ನಾಲ್ಕು ವರ್ಷದ ಹಿಂದೆ ಸೇರಿದವಳು ಗುಬ್ಬಿ. ಆಳು ಅಷ್ಟೇ ಸಣ್ಣ, ಅದಕ್ಕೇ ಆ ಹೆಸರು. ಅವಳ ಡಾಕ್ಟರೇಟ್ ಪೂರ್ತಿ ಈ ಲೇಪದ ಮೇಲೆ ನಿಂತಿತ್ತು. ಮೊದಲ ವರ್ಷ ಅವಳು ಕೊಟ್ಟ ಸೆಲ್ಲುಗಳೆಲ್ಲ ಎಪ್ಪತ್ತು ಸುತ್ತಿಗೆ ನೆಲ ಕಚ್ಚಿದವು. ಹನ್ನೆರಡು ದಿನ. ಹದಿಮೂರನೆಯ ದಿನ ಬೆಳಿಗ್ಗೆ ನಾನು ಡಬ್ಬ ತೆಗೆದರೆ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಆಮೇಲೆ ಅವಳು ಅಂಟು ಬದಲಾಯಿಸಿದಳು. ಲೇಪದಣ್ಣ ಹೊಸ ಅಂಟಿನಿಂದ ಮಡ್ಡಿ ಕಲಸಿ ಎಳೆದ. ಎಪ್ಪತ್ತು ದಾಟಿತು, ನೂರು ದಾಟಿತು, ಎಂಬತ್ತಮೂರು ದಿನದ ನಂತರ ಐನೂರು ಮುಟ್ಟಿತು. ಅವತ್ತು ನಾನು ಕೂಡ ನಕ್ಕೆನಂತೆ, ಗುಬ್ಬಿ ಇವತ್ತಿಗೂ ಹೇಳುತ್ತಾಳೆ.

ಆ ಹೊಸ ಅಂಟು ಬಂದ ತಿಂಗಳೇ ಲೇಪದಣ್ಣನ ಹೆಂಡತಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದರು. ಅಂಟು ಬದಲಾದದ್ದು, ಅತ್ತಿಗೆ ಮಲಗಿದ್ದು, ಎರಡೂ ಒಂದೇ ತಿಂಗಳು. ಅಂಟಿನ ವಿಷಯವನ್ನು ನಾವು ಪುಸ್ತಕದಲ್ಲಿ ಬರೆದುಕೊಂಡೆವು. ಅತ್ತಿಗೆಯ ವಿಷಯ ಬರೆದುಕೊಳ್ಳುವಂಥದ್ದಾಗಿರಲಿಲ್ಲ.

ಅತ್ತಿಗೆಗೆ ಬಲಗೈ, ಬಲಗಾಲು ಬರುತ್ತಿರಲಿಲ್ಲ. ಮಾತು ತೊದಲುತ್ತಿತ್ತು. ಬೆನ್ನಿಗೆ ಹುಣ್ಣಾಗಬಾರದು, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಲೇಪದಣ್ಣನೇ ಎಲ್ಲ ಮಾಡಿ ಬರುತ್ತಿದ್ದ. ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಪಕ್ಕದ ಮನೆಯಾಕೆ ಬರುತ್ತಿದ್ದರು. ಮಧ್ಯಾಹ್ನಕ್ಕೆ ಯಾರೂ ಇಲ್ಲ. ಮಗಳಿರುವುದು ಎರಡು ದಿನದ ದಾರಿಯಲ್ಲಿ. ಹಾಗಾಗಿ ಹನ್ನೆರಡಕ್ಕೆ ಸರಿಯಾಗಿ ಕಲಸುವ ಯಂತ್ರ ನಿಲ್ಲಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಸೈಕಲ್ ಹತ್ತುತ್ತಿದ್ದ. ಮನೆಗೆ ಅರ್ಧ ಗಂಟೆಯ ದಾರಿ. ಹೋಗಿ, ಊಟ ಮೆತ್ತಗೆ ಕಲಸಿ ತಿನ್ನಿಸಿ, ಬಟ್ಟೆ ಬದಲಿಸಿ, ಬೆನ್ನಿಗೆ ಪುಡಿ ಹಾಕಿ, ಎಡಕ್ಕೆ ಮಲಗಿದ್ದವರನ್ನು ಬಲಕ್ಕೆ ಹೊರಳಿಸಿ ವಾಪಸ್ ಬರುವಾಗ ಎರಡು ದಾಟಿರುತ್ತಿತ್ತು.

ನಮಗೆ ಊಟಕ್ಕೆ ಕೊಟ್ಟಿದ್ದು ಅರ್ಧ ಗಂಟೆ. ಗೇಟು ದಾಟಬೇಕಾದರೆ ಚೀಟಿ ಬೇಕು. ಗೇಟಿನವನು ಲೇಪದಣ್ಣ ಬರುವ ಹೊತ್ತಿಗೆ ಸರಿಯಾಗಿ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಮೂರು ವರ್ಷ ಅವನ ಲೇಸು ದಿನಾ ಹನ್ನೆರಡೂ ಐದಕ್ಕೇ ಬಿಚ್ಚಿಹೋಯಿತು. ಮುಖ್ಯಸ್ಥರು, ಅಂದರೆ ನಮ್ಮ ಸರ್, ಫೋನು ಮಾಡಿ ಲೇಪದಣ್ಣನನ್ನು ಕೇಳಿದರೆ ನಾನು, ‘ಓವನ್ ಹತ್ರ ಇದ್ದಾರೆ ಸರ್, ಕೈಯೆಲ್ಲ ಮಸಿ’ ಅನ್ನುತ್ತಿದ್ದೆ. ಸುಳ್ಳು ಹೇಳುವಾಗ ನನ್ನ ದನಿ ಬಹಳ ಸಿಡುಕಾಗಿರುತ್ತದೆ, ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಪ್ರತಿ ಲೇಪಕ್ಕೂ ಒಂದು ಪುಟ ಬರೆಯಬೇಕು. ತೂಕ, ಕಲಸಿದ ಹೊತ್ತು, ಎಳೆದ ಹೊತ್ತು, ಎಲ್ಲ. ಏಳನೆಯ ಹಂತದಲ್ಲಿ, ‘ಕಲಸಿದ ಮೇಲೆ ಮಡ್ಡಿಯನ್ನು ಅರ್ಧ ಗಂಟೆ ಇಡುವುದು’ ಎಂದಿತ್ತು. ಲೇಪದಣ್ಣ ಮನೆಗೆ ಹೊರಡುವ ಮುಂಚೆಯೇ ‘ಎಳೆದ ಹೊತ್ತು: 12.30’ ಎಂದು ಬರೆದಿಟ್ಟು ಹೋಗುತ್ತಿದ್ದ. ನಿಜವಾಗಿ ಎಳೆದ 2.10 ಎಂದು ಬರೆದರೆ ನಡುವೆ ಎಲ್ಲಿದ್ದೆ ಎಂದು ಕೇಳುತ್ತಾರಲ್ಲ. ಮಡ್ಡಿ ಇನ್ನೊಂದೂವರೆ ಗಂಟೆ ಸುಮ್ಮನೆ ಕೂತರೆ ಏನು ಮಹಾ ಆಗುತ್ತದೆ ಎಂದುಕೊಂಡ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಗುಬ್ಬಿ ಆ ಹೊತ್ತಿಗೆ ಸೂಕ್ಷ್ಮದರ್ಶಕ ಇರುವ ಇನ್ನೊಂದು ಕಟ್ಟಡದಲ್ಲಿರುತ್ತಿದ್ದಳು. ಆಗೊಮ್ಮೆ ಈಗೊಮ್ಮೆ ಅವಳೇ ಲೇಪ ಮಾಡಿದರೆ ಆ ಸೆಲ್ಲುಗಳು ಬಾಳುತ್ತಿರಲಿಲ್ಲ.

“ಪುಸ್ತಕದಲ್ಲಿ ಇರೋ ಹಾಗೇ ಮಾಡಿದೆ ಅಣ್ಣ, ಒಂದಕ್ಷರ ತಪ್ಪಿಲ್ಲ” ಅನ್ನುತ್ತಿದ್ದಳು.

“ಕೈ ಪಳಗಬೇಕು ಮಗಳೇ. ಅಲಗು ಎಳೆಯೋದು ಅಂದ್ರೆ ಹುಡುಗಾಟವಾ?” ಅನ್ನುತ್ತಿದ್ದ ಅವನು, ಸ್ವಲ್ಪ ಬೀಗುತ್ತಾ.

ಸರ್ ಕೂಡ ಬಂದವರಿಗೆಲ್ಲ ಅವನನ್ನು ತೋರಿಸಿ, ‘ಇವರ ಕೈಗುಣ’ ಎಂದು ಪರಿಚಯ ಮಾಡಿಕೊಡುತ್ತಿದ್ದರು. ಮೂವತ್ತು ವರ್ಷ ಕತ್ತೆ ದುಡಿದ ಹಾಗೆ ದುಡಿದವನಿಗೆ ಬಂದ ಹೊಗಳಿಕೆ ಅದೊಂದೇ. ಅದನ್ನು ಅವನು ಮನೆಗೆ ಹೋಗಿ ಅತ್ತಿಗೆಗೆ ಹೇಳುತ್ತಿದ್ದ. ಒಂದು ಭಾನುವಾರ ನಾನು ನೋಡಲು ಹೋದಾಗ ಅತ್ತಿಗೆ ಅದನ್ನು ನನಗೆ ಹೇಳಿದರು. ಆಮೇಲೆ ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, ಒಂದೊಂದೇ ಶಬ್ದ ಜೋಡಿಸಿ, “ದಿನಾ ಕೆಲಸ ಬಿಟ್ಟು ಓಡಿ ಬರ್ತಾರೆ. ನನ್ನಿಂದ ಅವರ ಕೆಲಸ ಕೆಡ್ತಾ ಇದೆ” ಅಂದರು.

“ಏನೂ ಕೆಡ್ತಿಲ್ಲ ಅತ್ತಿಗೆ, ಸುಮ್ಮನಿರಿ” ಅಂದೆ. ಲೇಪದಣ್ಣ ಒಳಗಿನಿಂದ ಟೀ ತಂದ. “ಇದೇ ರಾಗ ದಿನಾ” ಅಂದ. ಬಹಳ ದಣಿದಿದ್ದ. ಟೀಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದ, ನಾವು ಮೂವರೂ ಹಾಗೇ ಕುಡಿದೆವು.

ಈ ವರ್ಷದ ಶುರುವಿಗೆ ಬೇರೆ ಊರಿನ ಒಂದು ಕಾರ್ಖಾನೆಯವರು ನಮ್ಮ ಲೇಪವನ್ನು ತಾವೂ ಮಾಡಿ ನೋಡುತ್ತೇವೆ ಎಂದು ವಿಧಾನವನ್ನೆಲ್ಲ ಬರೆಸಿಕೊಂಡು ಹೋದರು. ಮೂರು ಸಲ ಮಾಡಿದರು. ಮೂರು ಸಲವೂ ಎಪ್ಪತ್ತು ಸುತ್ತಿಗೆ ಸತ್ತವು. ಅವರು ಬರೆದ ಕಾಗದದಲ್ಲಿ ಭಾಷೆ ಬಹಳ ಮರ್ಯಾದೆಯದಾಗಿತ್ತು, ಅರ್ಥ ಮಾತ್ರ ಮುಖಕ್ಕೆ ಹೊಡೆದ ಹಾಗಿತ್ತು. ನಿಮ್ಮ ಅಂಕಿಗಳನ್ನು ನಂಬುವುದು ಹೇಗೆ? ಎರಡು ತಿಂಗಳೊಳಗೆ ಹೊಸದಾಗಿ ಮಾಡಿ, ನೂರು ಸುತ್ತಾದರೂ ದಾಟಿಸಿ ತೋರಿಸಿ. ಆಗದಿದ್ದರೆ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹಿಂದಕ್ಕೆ ತೆಗೆದುಕೊಂಡರೆ ಗುಬ್ಬಿಯ ನಾಲ್ಕು ವರ್ಷ ಮಣ್ಣುಪಾಲು. ಅಂಕಿ ತಿದ್ದಿದವಳು ಎಂಬ ಹೆಸರು ಬೇರೆ ಅಂಟಿಕೊಳ್ಳುತ್ತದೆ. ಆ ಹೆಸರು ಹೊತ್ತವರನ್ನು ಯಾವ ಪ್ರಯೋಗಾಲಯವೂ ಒಳಗೆ ಸೇರಿಸುವುದಿಲ್ಲ.

ಆ ಕಾಗದ ಬಂದ ವಾರವೇ ಅತ್ತಿಗೆ ತೀರಿಕೊಂಡರು. ಬೆಳಗಿನ ಜಾವ, ಕಷ್ಟಪಡದೆ. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ ಎಂದು ಪಕ್ಕದ ಮನೆಯಾಕೆ ಬಂದವರಿಗೆಲ್ಲ ಹೇಳುತ್ತಿದ್ದರು.

ಎರಡು ವಾರದ ರಜೆ ಮುಗಿಸಿ ಲೇಪದಣ್ಣ ಬಂದ. ಸರ್ ಅವನ ಹೆಗಲ ಮೇಲೆ ಕೈಯಿಟ್ಟು, “ಈ ಸಲ ನಿಮ್ಮ ಕೈಯಿಂದಲೇ ಆಗಬೇಕು” ಅಂದರು. ಸರಿ ಎಂದು ತಲೆಯಾಡಿಸಿದ. ಮೂರು ವಾರದಲ್ಲಿ ಆರು ಸಲ ಲೇಪ ಮಾಡಿದ. ಮಧ್ಯಾಹ್ನ ಡಬ್ಬಿ ಬಿಚ್ಚಿ ಅಲ್ಲೇ ಓಣಿಯ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದ. ಅರ್ಧ ಗಂಟೆಗೆ ಸರಿಯಾಗಿ ಎದ್ದು ಅಲಗು ಹಿಡಿಯುತ್ತಿದ್ದ. ಈಗ ಓಡಲು ಎಲ್ಲಿಗೆ?

ಒಂದೊಂದು ಲೇಪದಿಂದ ನಾಲ್ಕು ಸೆಲ್ಲು. ಮೊದಲ ನಾಲ್ಕು ಅರವತ್ತೆಂಟಕ್ಕೆ ಸತ್ತವು. ಎರಡನೆಯವು ಎಪ್ಪತ್ತೊಂದಕ್ಕೆ. ಮೂರನೆಯವು ಅರವತ್ತಾರಕ್ಕೆ. ದುಃಖದಲ್ಲಿ ಕೈಗುಣ ಹೋಯಿತು ಎಂದು ಕೆಲವರು ಪಿಸುಗುಟ್ಟಿದರು. ಮೊದಲಿನಿಂದಲೂ ಏನೋ ಮೋಸವಿತ್ತು ಎಂದು ಇನ್ನು ಕೆಲವರು. ಲೇಪದಣ್ಣ ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತಾ ಕೂತಿರುವುದನ್ನು ನಾನು ಎರಡು ಸಲ ಕಂಡೆ. ಹೆಂಡತಿ ಹೋದಳು, ಈಗ ಇದೂ ಹೋಯಿತು ಎನ್ನುವ ಹಾಗಿತ್ತು ಮುಖ.

ನಾಲ್ಕನೆಯ ಲೇಪದವು ಸಾಯಲಿಲ್ಲ.

ಎಪ್ಪತ್ತು ದಾಟಿದಾಗ ಕ್ಲಿಪ್ಪು ಸಡಿಲವಿರಬೇಕು ಎಂದುಕೊಂಡೆ. ನೂರು ದಾಟಿದಾಗ ಯಂತ್ರಕ್ಕೆ ಬೈದೆ. ಅಷ್ಟರಲ್ಲಿ ಐದನೆಯದು, ಆರನೆಯದು ಎರಡೂ ಸತ್ತು ಡಬ್ಬ ಸೇರಿದ್ದವು. ನಾಲ್ಕನೆಯದರ ನಾಲ್ಕೂ ಸೆಲ್ಲುಗಳು ನೂರಿಪ್ಪತ್ತನೆಯ ಸುತ್ತಿನಲ್ಲಿ ತೊಂಬತ್ತೈದರ ಮೇಲೆ ಆರಾಮಾಗಿ ನಿಂತಿದ್ದವು. ಪುಸ್ತಕ ತರಿಸಿ ನೋಡಿದೆ. ಆರೂ ಪುಟಗಳು ಅವಳಿ ಜವಳಿ. ಅದೇ ತೂಕ, ಅದೇ ನೀರು, ಕಲಸಿದ್ದು ಮುಗಿದದ್ದು 12, ಎಳೆದದ್ದು 12.30.

ಆಗ ನನ್ನ ಕಣ್ಣು ತಾರೀಖಿನ ಮೇಲೆ ಬಿತ್ತು. ಆ ತಾರೀಖನ್ನು ನಾನು ಮರೆಯುವ ಹಾಗಿರಲಿಲ್ಲ. ಅವತ್ತು ಕರೆಂಟು ಹೋಗಿತ್ತು. ಅರವತ್ತನಾಲ್ಕು ಸೆಲ್ಲುಗಳೂ ನಡುವೆಯೇ ನಿಂತುಹೋಗಿ ನಾನು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಾಡಿದ್ದೆ. ಕರೆಂಟು ಹೋದಾಗ ಬೇಕಾಗುತ್ತದೆ ಎಂದು ಇಟ್ಟಿದ್ದ ದೊಡ್ಡ ಬ್ಯಾಟರಿ ಕೂಡ ಸತ್ತಿತ್ತು. ಬ್ಯಾಟರಿ ಸಂಶೋಧನೆ ಮಾಡುವ ಸಂಸ್ಥೆಯಲ್ಲಿ! ಯಾರಿಗೆ ಹೇಳುವುದು? ನನ್ನ ಯಂತ್ರ ಮಾತ್ರ ತನ್ನ ಪಾಡಿಗೆ ಬರೆದಿಟ್ಟಿತ್ತು. ಕರೆಂಟು ಹೋದದ್ದು 11.58. ಬಂದದ್ದು 2.05.

ಕರೆಂಟಿಲ್ಲದಿದ್ದರೆ ಲೇಪದ ಮೇಜಿನ ಪಂಪು ಓಡುವುದಿಲ್ಲ, ಹಾಳೆ ನಿಲ್ಲುವುದಿಲ್ಲ. ಹನ್ನೆರಡೂವರೆಗೆ ಅವನು ಎಳೆದದ್ದಾದರೂ ಹೇಗೆ?

ಪುಸ್ತಕ ಹಿಡಿದುಕೊಂಡು ಓಣಿಯ ತುದಿಯ ಅವನ ಕೋಣೆಗೆ ಹೋದೆ. ಸ್ಟೂಲಿನ ಮೇಲೆ ಕೂತು ಅಲಗು ಒರೆಸುತ್ತಿದ್ದ.

“ಅಣ್ಣಾ, ಕರೆಂಟು ಹೋದ ದಿನ ಎಷ್ಟು ಹೊತ್ತಿಗೆ ಎಳೆದಿರಿ?”

“ಬರೆದಿದೀನಲ್ಲ.”

“ಬರೆದಿರೋದು ಬಿಡಿ. ನಿಜ ಹೇಳಿ.”

ಸ್ವಲ್ಪ ಯೋಚಿಸಿದ. “ಕರೆಂಟು ಬಂದ ಮೇಲೆ. ಎರಡೂ ಹತ್ತು ಆಗಿತ್ತು. ಹನ್ನೆರಡೂವರೆ ಅಂತ ಬರೆದು ಬರೆದು ಕೈಗೆ ಅದೇ ಅಭ್ಯಾಸ...”

ಅಷ್ಟಕ್ಕೇ ನಿಂತ. ಅಲಗು ಒರೆಸುತ್ತಿದ್ದ ಬಟ್ಟೆಯೂ ನಿಂತಿತು. ನನಗೂ ಅದೇ ಗಳಿಗೆಯಲ್ಲಿ ಹೊಳೆಯಿತು.

“ಆ ಹೊತ್ತಿಗೇ ತಾನೇ ನಾನು ಮನೆಯಿಂದ ವಾಪಸ್ ಬರ್ತಾ ಇದ್ದದ್ದು” ಅಂದ.

ನಾನು ಬಾಗಿಲು ಮುಚ್ಚಿ ತಗ್ಗಿದ ದನಿಯಲ್ಲಿ ಹೇಳಿದೆ. ನಾನು ಹೇಳಿದ್ದು ಒಳ್ಳೆಯ ಮಾತಲ್ಲ, ಆದರೆ ಹೇಳಿದ್ದಂತೂ ನಿಜ.

“ನೋಡಿ, ನಿವೃತ್ತಿಗೆ ಇನ್ನು ಏಳು ತಿಂಗಳಿದೆ. ಮೂರು ವರ್ಷ ಸುಳ್ಳು ಹೊತ್ತು ಬರೆದೆ ಅಂದರೆ ಮನೆಗೆ ಕಳಿಸ್ತಾರೆ. ಸುಮ್ಮನೆ ಇವತ್ತಿಂದ ಎರಡು ಗಂಟೆ ಇಡಿ. ಹೊಸದಾಗಿ ಕಂಡುಹಿಡಿದ್ವಿ ಅನ್ನೋಣ. ಯಾರಿಗೂ ಗೊತ್ತಾಗಲ್ಲ.”

“ಗುಬ್ಬಿಯ ಹಳೇ ಪ್ರಬಂಧ?”

“ಅದು... ನೋಡೋಣ.”

ನೋಡಲು ಏನೂ ಇರಲಿಲ್ಲ, ನನಗೆ ಗೊತ್ತಿತ್ತು. ಅವಳ ಪ್ರಬಂಧದಲ್ಲಿ ಅರ್ಧ ಗಂಟೆ ಎಂದು ಅಚ್ಚಾಗಿದೆ. ಅರ್ಧ ಗಂಟೆಗೆ ಮಾಡಿದರೆ ಯಾರು ಮಾಡಿದರೂ ಸಾಯುತ್ತವೆ. ನನ್ನ ಯಂತ್ರದ ಅಂಕಿಗಳನ್ನೇ ಅವರು ನಂಬದಿರುವಾಗ, ಹಳೆಯ ಸೆಲ್ಲುಗಳು ನಿಜವಾಗಿ ಬಾಳಿದ್ದವು ಎನ್ನುವುದಕ್ಕೆ ಉಳಿದ ಒಂದೇ ಸಾಕ್ಷಿ ಲೇಪದಣ್ಣನ ಬಾಯಿ. ಅವನು ಬಾಯಿ ಮುಚ್ಚಿಕೊಂಡರೆ ಅವಳು ಸುಳ್ಳಿಯಾಗುತ್ತಾಳೆ, ಬಾಯಿ ಬಿಟ್ಟರೆ ಅವನು.

ಎರಡು ದಿನ ಅವನು ಬಾಯಿ ಬಿಡಲಿಲ್ಲ. ಓಣಿಯಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುತ್ತಾ ಹೋಗುತ್ತಿದ್ದೆವು. ಅವನನ್ನು ದೂರುವ ಯೋಗ್ಯತೆ ನನಗಿಲ್ಲ. ಮೂವತ್ತು ವರ್ಷದ ನೌಕರಿ, ಅದರಲ್ಲಿ ಇದ್ದ ಒಂದೇ ಹೆಮ್ಮೆ ಕೈಗುಣ. ಅದು ಕೈಯದ್ದಲ್ಲ, ಮಡ್ಡಿ ಸುಮ್ಮನೆ ಕೂತಿದ್ದರಿಂದ ಆದದ್ದು ಎಂದು ತಾನೇ ಹೋಗಿ ಹೇಳಬೇಕು. ಯಾರಿಗೆ ಕಾಲು ಮುಂದೆ ಬರುತ್ತದೆ?

ಮೂರನೆಯ ದಿನ ಬೆಳಿಗ್ಗೆ ಅವನು ನನ್ನ ಕೋಣೆಯಲ್ಲಿದ್ದ, ನಾಲ್ಕನೆಯ ಲೇಪದ ಅಂಕಿ ನೋಡಲು ಬಂದಿದ್ದ. ಗುಬ್ಬಿ ಒಳಗೆ ಬಂದಳು. ಕೈಯಲ್ಲಿ ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳುವ ಕಾಗದ, ಸರ್ ಸಹಿ ಮಾಡಿ ಅವಳ ಸಹಿಗೆ ಕೊಟ್ಟಿದ್ದರು. ನಾಲ್ಕು ಸೆಲ್ಲು ಬಾಳಿದರೆ ಸಾಲದು, ಇಪ್ಪತ್ತು ಸತ್ತಿವೆ ಎಂದಿದ್ದರಂತೆ. ಅವಳ ಕಣ್ಣಲ್ಲಿ ನೀರಿರಲಿಲ್ಲ. ನಿದ್ದೆಯಿಲ್ಲದ ಮುಖ, ಮಾಸಿದ ಕೋಟು. ಸ್ಟೂಲು ಎಳೆದುಕೊಂಡು ಲೇಪದಣ್ಣನ ಮುಂದೆ ಕೂತಳು.

“ಅಣ್ಣ, ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು. ಮನೆಯಲ್ಲಿ ಅಷ್ಟು ದೊಡ್ಡ ದುಃಖ ಇರುವಾಗ ನಿಮ್ಮನ್ನ ಇದರಲ್ಲಿ ಎಳೆದಾಡಿದೆ. ಈಗ ಎಲ್ಲರೂ ನಿಮ್ಮ ಬಗ್ಗೆಯೂ ಆಡಿಕೊಳ್ತಿದಾರೆ. ಕ್ಷಮಿಸಿ ಅಣ್ಣ. ನನ್ನಿಂದ ನಿಮ್ಮ ಕೆಲಸ ಕೆಟ್ಟಿತು.”

ಲೇಪದಣ್ಣ ಅವಳನ್ನೇ ನೋಡಿದ. ಆ ಮಾತನ್ನು ಅವನು ಮೂರು ವರ್ಷ ದಿನಾ ಮಧ್ಯಾಹ್ನ ಕೇಳಿದ್ದ, ನನಗೂ ಗೊತ್ತಿತ್ತು.

“ಇಲ್ಲ ಮಗಳೇ” ಅಂದ. “ನಿನ್ನಿಂದ ಏನೂ ಕೆಡಲಿಲ್ಲ. ಆ ಕಾಗದ ಇಲ್ಲಿ ಕೊಡು.”

ಕಾಗದ ಇಸಿದುಕೊಂಡು, ನನ್ನ ಮೇಜಿನ ಮೇಲಿದ್ದ ಪುಸ್ತಕ ತೆಗೆದುಕೊಂಡು ಸರ್ ಕೋಣೆಯ ಕಡೆ ನಡೆದ. ಕಾಲು ಎಳೆದುಕೊಂಡೇ ನಡೆದ, ಆದರೆ ನಿಲ್ಲಲಿಲ್ಲ. ನಾನೂ ಎದ್ದೆ. ನನ್ನ ಸುಳ್ಳಿನ ಪಾಲೂ ಅದರಲ್ಲಿತ್ತಲ್ಲ.

ಸರ್ ಮೊದಲು ಅರ್ಥವಾಗದವರ ಹಾಗೆ ಕೇಳಿದರು. ಅರ್ಥವಾದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲೆ ಎಸೆದರು.

“ಅರ್ಧ ಗಂಟೆ ಅಂತ ಪ್ರಪಂಚಕ್ಕೆಲ್ಲ ಹೇಳಿಬಿಟ್ಟೆವಲ್ರೀ! ಎಷ್ಟು ದಿನ ಹೀಗೆ ಬರೆದ್ರಿ?”

“ಎಲ್ಲ ದಿನಾನೂ ಸರ್.”

“ಇವರು ಓವನ್ ಹತ್ರ ಇದಾರೆ ಅಂತ ನೀವು ಹೇಳ್ತಿದ್ದದ್ದು?” ನನ್ನ ಕಡೆ ತಿರುಗಿದರು.

“ಸುಳ್ಳು ಸರ್” ಅಂದೆ. ಈ ಸಲ ದನಿ ಸಿಡುಕಾಗಿರಲಿಲ್ಲ.

“ಒಂದು ಮಾತು ಕೇಳಿದ್ದರೆ ನಾನು ಚೀಟಿ ಕೊಡ್ತಿರಲಿಲ್ವಾ?”

ಲೇಪದಣ್ಣ ನೆಲ ನೋಡುತ್ತಾ, ಜಗಳದ ದನಿಯೇ ಇಲ್ಲದೆ ಹೇಳಿದ. “ಮೊದಲನೇ ವಾರ ಕೇಳಿದ್ದೆ ಸರ್. ದಿನಾ ಕೊಡೋಕಾಗಲ್ಲ, ಬೇರೆಯವರೂ ಕೇಳ್ತಾರೆ ಅಂದಿದ್ರಿ.”

ಸರ್‌ಗೆ ನೆನಪಿರಲಿಲ್ಲ. ನೆನಪಾದದ್ದು ಅವರ ಮುಖದಲ್ಲಿ ಕಾಣಿಸಿತು. ಕನ್ನಡಕ ಹುಡುಕಿ ಮತ್ತೆ ಹಾಕಿಕೊಂಡರು. ಕೆಟ್ಟವರಲ್ಲ ಅವರು, ಅವರಿಗೂ ಮೇಲೆ ಉತ್ತರ ಹೇಳುವುದು ಇರುತ್ತದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ವಿಚಾರಣೆ ನಡೆಯಿತು. ಸುಳ್ಳು ಬರೆದದ್ದಕ್ಕೆ ಲೇಪದಣ್ಣ ಏಳು ತಿಂಗಳು ಮೊದಲೇ, ತಾನಾಗಿ ಬಿಟ್ಟ ಹಾಗೆ ಬರೆದುಕೊಟ್ಟು ಹೋಗಬೇಕು ಎಂದಾಯಿತು. ನನಗೊಂದು ಎಚ್ಚರಿಕೆಯ ಪತ್ರ. ಗೇಟಿನವನ ಹೆಸರನ್ನು ನಾವಿಬ್ಬರೂ ಎತ್ತಲಿಲ್ಲ. ಹೋಗುವ ಮುಂಚೆ ಪುಸ್ತಕದ ಪ್ರತಿ ಪುಟದಲ್ಲೂ ನಿಜವಾದ ಹೊತ್ತನ್ನು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಬೇಕು ಎಂದರು. ನೂರ ಮೂವತ್ತೆರಡು ಪುಟ.

ಆರು ದಿನ ಕೂತ, ನನ್ನ ಕೋಣೆಯಲ್ಲೇ. ಪಕ್ಕದಲ್ಲಿ ಗುಬ್ಬಿ. ಎಲ್ಲಕ್ಕೂ ‘ಸುಮಾರು 2.10’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಲೇಪದಣ್ಣನಿಗೆ ಆ ದಿನಗಳು ನೆನಪಿದ್ದವು. ಎಲ್ಲವೂ ಅಲ್ಲ, ಆದರೆ ಬಹಳಷ್ಟು.

“ಅವತ್ತು ಅವಳಿಗೆ ಜ್ವರ. ಬಟ್ಟೆ ಎರಡು ಸಲ ಬದಲಾಯಿಸಿದೆ. ಬಂದಾಗ ಎರಡೂ ಐವತ್ತು.”

“ಇದು ವಾಂತಿ ಆದ ದಿನ. ಮೂರು ಗಂಟೆ ದಾಟಿತ್ತು.”

“ಇವತ್ತು ಬೇಗ ಉಂಡಳು, ನಗ್ತಾ ಇದ್ದಳು. ಎರಡಕ್ಕೆ ಮುಂಚೆಯೇ ಬಂದೆ.”

ನಡುವೆ ನಾಲ್ಕು ಪುಟ ಬಂದವು. ಆ ನಾಲ್ಕರ ಸೆಲ್ಲುಗಳು ಕಾರಣವಿಲ್ಲದೆ ಎಪ್ಪತ್ತಕ್ಕೇ ಸತ್ತಿದ್ದವು. ಸೆಲ್ಲುಗಳನ್ನು ಜೋಡಿಸಿ ಮುಚ್ಚುವ ಒಣಗಾಳಿಯ ಪೆಟ್ಟಿಗೆಯೊಳಗೆ ತೇವ ಹೋಗಿರಬೇಕು ಎಂದು ಆಗ ಪೆಟ್ಟಿಗೆಯನ್ನು ಬೈದಿದ್ದೆವು. ಲೇಪದಣ್ಣ ತಾರೀಖು ನೋಡಿ, “ಅವಳ ತಂಗಿ ಬಂದು ಎರಡು ವಾರ ಇದ್ದಳು. ನಾನು ಮಧ್ಯಾಹ್ನ ಹೋಗಲಿಲ್ಲ. ಇದು ನಿಜವಾಗಿಯೂ ಹನ್ನೆರಡೂವರೆಯೇ” ಅಂದ.

ಗುಬ್ಬಿ ಹೊತ್ತನ್ನು ಒಂದು ಕಡೆ, ಸೆಲ್ಲಿನ ಆಯಸ್ಸನ್ನು ಇನ್ನೊಂದು ಕಡೆ ಹಾಕಿ ನಕ್ಷೆ ಬರೆದಳು. ಚುಕ್ಕೆಗಳು ಗೆರೆ ಹಿಡಿದು ಮೇಲೇರಿದವು. ಜ್ವರದ ದಿನದ ಸೆಲ್ಲುಗಳು ಆರುನೂರು ದಾಟಿದ್ದವು. ನಕ್ಕ ದಿನದವು ಐನೂರನ್ನು ಹೇಗೋ ಮುಟ್ಟಿದ್ದವು. ಅವಳು ಕಾರಣ ವಿವರಿಸಿದಳು. ಸಿಲಿಕಾನ್ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆ ಬಿಡುತ್ತದೆ, ಅವು ಹೊರಗೆ ಹೋಗಬೇಕು. ಹೊಸ ಅಂಟು ಕಣಕಣಕ್ಕೂ ಸುತ್ತಿಕೊಳ್ಳಬೇಕು. ಅದಕ್ಕೆಲ್ಲ ಅರ್ಧ ಗಂಟೆ ಸಾಲುವುದಿಲ್ಲ, ಎರಡು ಗಂಟೆಯಾದರೂ ಬೇಕು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. ಆ ನಕ್ಷೆ ಯಾವುದರ ನಕ್ಷೆ ಎಂದು ಮೂವರಿಗೂ ಕಾಣುತ್ತಿತ್ತು.

ಹೊಸ ವಿಧಾನ ಬರೆಯುವಾಗ ಏಳನೆಯ ಹಂತಕ್ಕೆ ‘ಎರಡು ಗಂಟೆ ಹತ್ತು ನಿಮಿಷ’ ಎಂದು ಬರೆದಳು. ಪ್ರಬಂಧ ಉಳಿಯಿತು. ಒಂದು ತಿದ್ದುಪಡಿ ಅಚ್ಚಾಯಿತು, ಅಷ್ಟೇ. ಗುಬ್ಬಿ ತಾನೇ ಕಲಸಿ, ಎರಡು ಗಂಟೆ ಹತ್ತು ನಿಮಿಷ ಕಾದು, ತಾನೇ ಎಳೆದ ಲೇಪದ ಸೆಲ್ಲುಗಳನ್ನು ತಂದು ನನ್ನ ಕ್ಲಿಪ್ಪುಗಳಿಗೆ ಹಾಕಿದಳು. ಕಾರ್ಖಾನೆಯವರೂ ಮತ್ತೊಮ್ಮೆ ಮಾಡತೊಡಗಿದರು. ನೂರಾಯಿತು, ಇನ್ನೂರಾಯಿತು. ನಾನು ದಿನಾ ಬೆಳಿಗ್ಗೆ ಬಂದು ಮೊದಲು ಅವನ್ನೇ ನೋಡುತ್ತಿದ್ದೆ.

ಎಂಬತ್ತಮೂರನೆಯ ದಿನಕ್ಕೆ ಲೇಪದಣ್ಣನಿಗೆ ಫೋನು ಮಾಡಿದೆ. ಬಂದ. ಗೇಟಿನಲ್ಲಿ ಸಂದರ್ಶಕರ ಚೀಟಿ ಬರೆಸಿ, ಅಂಗಿಗೆ ಸಿಕ್ಕಿಸಿಕೊಂಡು ಬಂದ. ಉಗುರು ಬೆಳ್ಳಗಿತ್ತು. ಬೆಳ್ಳಗಿನ ಉಗುರಿನಲ್ಲಿ ಅವನು ಬೇರೆ ಯಾರೋ ಆಗಿ ಕಂಡ. ಗುಬ್ಬಿ ಅವನನ್ನು ಕೂರಿಸಿ, ಟೀ ತರಲು ಕೆಳಗೆ ಓಡಿದಳು.

ಪರದೆಯ ಮೇಲೆ 500 ಎಂದಿತ್ತು. ಪಕ್ಕದಲ್ಲಿ 84, ಎಂಬತ್ತಕ್ಕಿಂತ ಇನ್ನೂ ಮೇಲೆ. ಅದನ್ನು ಬಹಳ ಹೊತ್ತು ನೋಡಿದ.

“ಈಗ ಮಧ್ಯಾಹ್ನ ಏನು ಮಾಡ್ತೀರಿ ಅಣ್ಣಾ?” ಕೇಳಿದೆ. ಏನಾದರೂ ಕೇಳಬೇಕಿತ್ತು.

“ಹನ್ನೆರಡಾದರೆ ಎಲ್ಲಿದ್ದರೂ ಎದ್ದು ನಿಲ್ತೀನಿ” ಅಂದ. “ಆಮೇಲೆ ಕೂತ್ಕೊಳ್ತೀನಿ.”

ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. “ಅವಳು ಹೋಗೋ ಹಿಂದಿನ ದಿನ ಮಧ್ಯಾಹ್ನ ಕೂಡ ಅದೇ ಮಾತು, ತಂಗಿ. ನನ್ನಿಂದ ನಿಮ್ಮ ಕೆಲಸ ಕೆಡ್ತಾ ಇದೆ ಅಂತ. ನಾನು ಮಗ್ಗುಲು ತಿರುಗಿಸಿ, ಸುಮ್ಮನಿರೇ ಅಂತ ಗದರಿಸಿ ಬಂದೆ. ನಿನ್ನಿಂದಲೇ ಆಗ್ತಾ ಇರೋದು ಕಣೇ ಅಂತ ಹೇಳೋಕೆ ಆಗ ನನಗೇ ಗೊತ್ತಿರಲಿಲ್ಲ.”

ನನಗೆ ಅಳು ಬಂತು, ತಡೆಯಲಿಲ್ಲ. ಐನೂರಾದ ಸೆಲ್ಲನ್ನು ಕಿತ್ತು ಜಾಗ ಬಿಡಿಸಬೇಕು ಎನ್ನುವುದು ಈಚೆಗೆ ಬಂದ ನಿಯಮ, ಹೊರಗೆ ಇನ್ನೂ ಹದಿನೆಂಟು ಕಾಯುತ್ತಿದ್ದವು. ಯಂತ್ರ ಕ್ಲಿಕ್ಕೆಂದು ಐನೂರ ಒಂದನೆಯ ಸುತ್ತು ಶುರು ಮಾಡಿತು. ನಾನು ಕೈ ಹಾಕಲಿಲ್ಲ. ಅದು ಇನ್ನೂ ಅಲ್ಲೇ ಓಡುತ್ತಿದೆ.